ಮೂರು ಸೂತಿನ ಗಿಟಾರು

೩ ಫೆಬ್ರುವರಿ ೨೦೨೫, ಸೋಮವಾರ

ಈ ಡೈರಿ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಆ ವಾರ ಭತ್ತಕ್ಕೆ ಏನು ಸಿಂಪಡಿಸಬೇಕು ಎಂದು ಅಚ್ಚು ಹಾಕಿಸಿದ್ದಾರೆ. ನನ್ನ ಹತ್ತಿರ ಹೊಲವೂ ಇಲ್ಲ, ಭತ್ತವೂ ಇಲ್ಲ. ಮೂವತ್ತೊಂದು ವರ್ಷ ಕಾಲುವೆ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ಬೇರೆಯವರ ಭತ್ತಕ್ಕೆ ನೀರು ಬಿಟ್ಟವನು, ಅಷ್ಟೆ. ಜನವರಿಯ ಪುಟಗಳೆಲ್ಲ ಖಾಲಿ. ಬರೆಯುವಂಥದ್ದು ಏನೂ ಆಗಲಿಲ್ಲ. ಎದ್ದೆ, ಟೀವಿ ಹಚ್ಚಿದೆ, ಮಲಗುವಾಗ ಆರಿಸಿದೆ. ಮನೆಯವಳು ಹೋದ ಮೇಲೆ, ಅಂದರೆ ಎರಡು ವರ್ಷದಿಂದ, ಟೀವಿ ದಿನವೆಲ್ಲ ಹಚ್ಚಿಯೇ ಇರುತ್ತದೆ. ನೋಡುವುದಕ್ಕಲ್ಲ. ಯಾರೋ ಒಬ್ಬರು ಮಾತಾಡುತ್ತಿರಲಿ ಎಂದು.

ಇವತ್ತು ಲಿಂಗಸುಗೂರಿಗೆ ಹೋಗಿ ಪಕೀರಪ್ಪನನ್ನು ನೋಡಿ ಬಂದೆ. ಹೇಳಿಕೊಳ್ಳಲು ಯಾರೂ ಇಲ್ಲದ್ದಕ್ಕೆ ಡೈರಿ ತೆಗೆದೆ.

ಪಕೀರಪ್ಪ ನನ್ನ ಕಾಲೇಜು ಗೆಳೆಯ. ಸೆಕೆಂಡ್ ಇಯರ್ ಬಿ.ಎ. ಇಂಗ್ಲಿಷಿನಲ್ಲಿ ಒಟ್ಟಿಗೆ ಫೇಲಾಗಿ ಅಕ್ಟೋಬರಿನಲ್ಲಿ ಒಟ್ಟಿಗೆ ಪಾಸಾದವರು ನಾವು. ಅವನು ಅಂಚೆ ಇಲಾಖೆ ಸೇರಿದ, ನಾನು ಕಾಲುವೆ. ಕಾಲೇಜಿನ ಆರ್ಕೆಸ್ಟ್ರಾದಲ್ಲಿ ಅವನು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ನುಡಿಸುತ್ತಿದ್ದ. ಬೆರಳಿನಿಂದ ತಂತಿ ಒತ್ತುವುದಿಲ್ಲ. ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದು. ದನಿಯೂ ಹಾಗೆಯೇ ಜಾರುತ್ತಿತ್ತು, ತುಪ್ಪದ ಮೇಲೆ ಕಾಲಿಟ್ಟ ಹಾಗೆ. ನಾನು ಕುರ್ಚಿ ಜೋಡಿಸುತ್ತಿದ್ದೆ. ಮುಂದೆ ನಲವತ್ತು ವರ್ಷ ಅವರ ಓಣಿಯ ಸಭಾಭವನದಲ್ಲಿ ಬುದ್ಧ ಪೂರ್ಣಿಮೆಯ ಕಾರ್ಯಕ್ರಮ ಶುರುವಾಗುತ್ತಿದ್ದದ್ದು ಅವನ ಗಿಟಾರಿನಿಂದಲೇ.

ಹೋದ ನವೆಂಬರಿನಲ್ಲಿ ಲಕ್ವಾ ಹೊಡೆಯಿತು. ಕಾಲಿಗೆ ಕಸುವು ತಿರುಗಿ ಬಂತು, ತೋಳಿಗೂ ಅಷ್ಟಿಷ್ಟು ಬಂತು. ಎಡಗೈ ಮಾತ್ರ ಮುಷ್ಟಿ ಕಟ್ಟಿ ಕುಳಿತಿದೆ. ಬಿಚ್ಚುವುದಿಲ್ಲ.

"ಹೆಂಗಿದ್ದೀಲೇ?" ಅಂದೆ.

"ಕಾಲೇಜಿನ್ಯಾಗ ಪ್ರತಿ ಪ್ರಬಂಧದಾಗ ಆನ್ ದಿ ಅದರ್ ಹ್ಯಾಂಡ್ ಅಂತ ಬರೀತಿದ್ವಲ್ಲ ಸಂಗ್ಯಾ, ಈಗ ಅದರ್ ಹ್ಯಾಂಡೇ ಇಲ್ಲ ನೋಡು," ಅಂದ. ಮಾತು ದಪ್ಪವಾಗಿದೆ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡವರ ಹಾಗೆ. ನಕ್ಕ. ಮುಖದ ಅರ್ಧ ನಕ್ಕಿತು. ಸಂಗನಬಸವ ಎಂಬ ನನ್ನ ಹೆಸರನ್ನು ಸಂಗ್ಯಾ ಮಾಡಿದವನು ಇವನೊಬ್ಬನೇ.

ಹೊರಡುವಾಗ ಅವನ ಮಗಳು ಅಂಬಿಕಾ ಬಾಗಿಲ ತನಕ ಬಂದಳು. ಅಲ್ಲಿಯೇ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. "ಕಾಕಾ, ವ್ಯಾಯಾಮ ಮಾಡ್ಸಾಕ ಫಿಜಿಯೋ ಮೇಡಂ ಬಂದ್ರ ಅಪ್ಪ ನಿದ್ದಿ ಹತ್ತಿದಂಗ ನಾಟಕ ಮಾಡ್ತಾನ. ಬ್ಯಾಸಿಗಿ ಮುಗಿಯೂದ್ರಾಗ ಕೈ ಆಡ್ಸಲಿಲ್ಲಂದ್ರ ಮುಷ್ಟಿ ಖಾಯಂ ಹಂಗ ಉಳೀತೈತಿ ಅಂದಾರ. ನೀವರ ಏನರ ಹೇಳ್ರಿ."

ಬಸ್ಸು ಬಂತು ಅಂದೆ. ಬಸ್ಸು ಬಂದಿರಲಿಲ್ಲ.

೪ ಫೆಬ್ರುವರಿ, ಮಂಗಳವಾರ

ಹಲ್ಲುಜ್ಜುವಾಗ ಹೊಳೆಯಿತು. ಜಾರಿಸುವ ಗಿಟಾರಿಗೆ ಎಡಗೈಯ ಬೆರಳೇ ಬೇಕಾಗಿಲ್ಲ. ಉಕ್ಕು ಹಿಡಿದ ಮುಷ್ಟಿ ಸಾಕು, ಅದನ್ನು ಅತ್ತಿತ್ತ ಒಯ್ಯುವ ತೋಳು ಸಾಕು. ಮುಷ್ಟಿ ಅವನ ಹತ್ತಿರ ರೆಡಿಮೇಡ್ ಇದೆ.

೯ ಫೆಬ್ರುವರಿ, ರವಿವಾರ

ಅಂಬಿಕಾಳಿಗೆ ಫೋನು ಮಾಡಿ ಹಳೆಯ ಗಿಟಾರು ಎಲ್ಲಿದೆ ಎಂದು ಕೇಳಿದೆ. ಗೆದ್ದಲು ತಿಂದು ಎರಡು ವರ್ಷವಾಯಿತಂತೆ. ಹೋದ ಎರಡು ಪೂರ್ಣಿಮೆಗೆ ಯಾರದೋ ಬೇಡಿ ತಂದು ನುಡಿಸಿದ್ದನಂತೆ. ಇಲ್ಲಿ ಸಿಂಧನೂರಿನ ಅಂಗಡಿಗೆ ಹೋದರೆ ಎಲ್ಲ ಒತ್ತಿ ನುಡಿಸುವ ಗಿಟಾರುಗಳೇ. ತಂತಿ ಕಟ್ಟಿಗೆಗೆ ತಾಗುವಷ್ಟು ತಗ್ಗು. ಪಕೀರಪ್ಪನ ತೋಳು ಇನ್ನೂ ನಡುಗುತ್ತದೆ. ಅವನಿಗೆ ತಂತಿ ಎತ್ತರ ಬೇಕು, ತಂತಿ ತಂತಿಗಳ ನಡುವೆ ಜಾಗ ಬೇಕು, ಮೇಜಿನ ಮೇಲೆ ಅಲುಗದೆ ಕೂರುವ ತಳ ಬೇಕು. ಅಂಥದ್ದು ಎಲ್ಲಿಯೂ ಸಿಗುವುದಿಲ್ಲ. ಆದಕಾರಣ, ದೇರ್‌ಫೋರ್, ಮಾಡಿಸಬೇಕು.

ಫೋನಿನಲ್ಲಿ ಒಂದು ವೀಡಿಯೋ ಸಿಕ್ಕಿದೆ. ಯಾವುದೋ ದೇಶದ ಮುದುಕ, ಸೊಂಟಕ್ಕೆ ಅರಿವೆ ಕಟ್ಟಿಕೊಂಡು ಗಿಟಾರು ಮಾಡುತ್ತಾನೆ. ಹೈಬ್ರಿಡ್ ಅಕೌಸ್ಟಿಕ್ ಸ್ಲೈಡ್ ಗಿಟಾರ್ ಅಂತೆ. ಕರೆಂಟು ಬೇಡ, ಒಡಲು ಒಂದು ಜಾತಿಯ ಗಿಟಾರಿನದು, ಕತ್ತು ಇನ್ನೊಂದು ಜಾತಿಯದು. ಅವನ ಇಂಗ್ಲಿಷು ಕಾಲು ಭಾಗ ತಿಳಿಯಿತು, ಮುಕ್ಕಾಲಿಗೆ ಅವನ ಕೈ ನೋಡಿದೆ. ನೋಡುತ್ತ ನೋಡುತ್ತ ನನಗೆ ನಗು ಬಂತು. ಗಿಟಾರಿಗೆ ಹೆಡ್ ಇದೆ, ಬ್ರಿಜ್ ಇದೆ, ಟೇಲ್ ಇದೆ. ನಾನು ಮೂವತ್ತೊಂದು ವರ್ಷ ಓಡಾಡಿದ ಕಾಲುವೆಗೂ ಅವೇ ಮೂರು. ಹೆಡ್ಡಿನಲ್ಲಿ ಬಿಗಿ ಸರಿಯಿಲ್ಲದಿದ್ದರೆ ಟೇಲಿಗೆ ಏನೂ ಮುಟ್ಟುವುದಿಲ್ಲ, ಅಲ್ಲಿಯೂ ಇಲ್ಲಿಯೂ. ಉತ್ಸಾಹ ಬಂದು ಹಳೆಯ ಲೆವೆಲ್ ಬುಕ್ಕಿನ ಹಿಂದೆ ನಕ್ಷೆ ಬರೆದೆ. ಕತ್ತು ಪೊಳ್ಳು, ಚೌಕ. ಒಡಲು ಆಳ. ಮೇಲಿನ ಹಲಗೆ ೩. ಎಲ್ಲ ಅಳತೆ ನೀಟಾಗಿ ಬರೆದಿದ್ದೇನೆ.

೧೨ ಫೆಬ್ರುವರಿ, ಬುಧವಾರ

ಮಸ್ಕಿಯ ಯಂಕೋಬ ಬಡಿಗೇರ ನನಗೆ ಗೇಟಿನ ಕಾಲದಿಂದ ಪರಿಚಯ. ತೂಬುಗಳಿಗೆ ಕಟ್ಟಿಗೆಯ ಬಾಗಿಲು ಮಾಡಿಕೊಡುತ್ತಿದ್ದ. ಈಗ ಎಲ್ಲ ಕಬ್ಬಿಣ, ಅವನು ಪ್ಲೈವುಡ್ ಅಲಮಾರಿಗೆ ಇಳಿದಿದ್ದಾನೆ. ಇಲಾಖೆಯವರು ಹರಾಜಿಗೆ ಹಾಕಿದಾಗ ನಾನು ತಂದಿಟ್ಟುಕೊಂಡಿದ್ದ ಹಳೆಯ ತೂಬಿನ ಸಾಗುವಾನಿ ಹಲಗೆಯನ್ನು ಬಸ್ಸಿನಲ್ಲಿ ಒಯ್ದೆ. ನಲವತ್ತು ವರ್ಷ ನೀರು ಕುಡಿದು, ಹದಿನೈದು ವರ್ಷ ಅಟ್ಟದಲ್ಲಿ ಒಣಗಿದ ಕಟ್ಟಿಗೆ. ಕಂಡಕ್ಟರ್ ಅದಕ್ಕೂ ಒಂದು ಸೀಟು ಕೊಟ್ಟ, ನನ್ನನ್ನು ನಿಲ್ಲಿಸಿದ.

ಯಂಕೋಬನಿಗೆ ಹೇಳಿದೆ, ಇದು ಹೈಬ್ರಿಡ್ ಗಿಟಾರು.

"ಹೈಬ್ರಿಡ್ ಅಂದ್ರ ಎಕರೆಕ ಎಷ್ಟು ಚೀಲ ಬರ್ತಾವ್ರೀ ಸಾಹೇಬ್ರ?" ಅಂದ.

"ಹತ್ತಿ ಬೀಜ ಅಲ್ಲೋ ಮಾರಾಯ."

"ಅಲ್ಲ, ಹೈಬ್ರಿಡ್ ಹಾಕಿದ್ರ ಹುಳದ ಎಣ್ಣಿ ಭಾಳ ಹೊಡೀಬೇಕಾಗ್ತದ, ಮೊದ್ಲs ಕೇಳಿಟ್ಟೀನಿ."

ಅವನ ಶೆಡ್ಡಿನ ಎದುರಿಗೆ ಹಾಜಿರಾಬೀ ಎಂಬಾಕೆಯ ಅಂಗಡಿ. ಜರ್ಮನ್ ಪಾತ್ರೆಗಳ ತಗ್ಗು ತೆಗೆದು, ತಳ ಕೂಡಿಸಿ ಕೊಡುತ್ತಾಳೆ. ಅಲ್ಯುಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅಂತಲೇ ಅನ್ನುವುದು, ಯಾಕೆಂದು ಯಾರಿಗೂ ಗೊತ್ತಿಲ್ಲ. ದಿನವೆಲ್ಲ ಟಣ ಟಣ. ಆ ಗದ್ದಲದಲ್ಲಿಯೇ ಯಂಕೋಬನಿಗೆ ಅಳತೆ ಓದಿ ಹೇಳಿದೆ. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಗೆ ಬರೆದುಕೊಂಡ.

ನಾಲ್ಕು ಗಂಟೆಯ ಬಸ್ಸಿಗೆ ತಿರುಗಿ ಬಂದೆ. ಚಹಾ ಕುಡಿದು ಹೋಗಿ ಅಂದರು. ಮನೆ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಇರಬಾರದು.

೨೦ ಫೆಬ್ರುವರಿ, ಗುರುವಾರ

ಯಂಕೋಬ ಫೋನು ಎತ್ತುತ್ತಿಲ್ಲ. ಕೆಲಸ ನಡೆದಿದೆ ಎಂದು ಅರ್ಥ. ಅಥವಾ ನಡೆದಿಲ್ಲ ಎಂದು.

೧ ಮಾರ್ಚ್, ಶನಿವಾರ

ಒಡಲು ನೋಡಿದ ಕೂಡಲೇ ಕಣ್ಣು ತುಂಬಿತು. ಎಷ್ಟು ಚಂದ ಮಾಡಿದ್ದ. ಅಂಚು ನುಣ್ಣಗೆ, ಜೋಡಣೆ ಕಾಣುವುದಿಲ್ಲ, ಬೆರಳಾಡಿಸಿದರೆ ಹಸುಗೂಸಿನ ಬೆನ್ನು. ನಾನೇ ಒಂದು ತಂತಿ ಕಟ್ಟಿ, ಬ್ರಿಜ್ಜಿಗೆ ಒಂದು ಚಕ್ಕೆ ಇಟ್ಟು, ಮೀಟಿದೆ.

ದಪ್. ಕಣಜದ ಬಾಗಿಲು ತಟ್ಟಿದ ಹಾಗೆ.

ಮತ್ತೆ ಮೀಟಿದೆ. ದಪ್.

ಮೇಲಿನ ಹಲಗೆಯ ಅಂಚಿಗೆ ಸ್ಕೇಲು ಹಿಡಿದು ನೋಡಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ದಪ್ಪ.

"ಯಂಕೋಬ, ಮೂರು ಅಂದಿದ್ನಲ್ಲೋ."

"ಮೂರs ಐತ್ರಿ. ಮೂರು ಸೂತು. ಕೂದಲೆಳಿ ಹೆಚ್ಚು ಕಡಿಮಿ ಇದ್ರ ನನ್ನ ಹೆಸರು ತಗೀರಿ."

ಆಗ ತಿಳಿಯಿತು. ನನ್ನ ಮನಸ್ಸಿನಲ್ಲಿದ್ದದ್ದು ಮೂರು ಮಿಲಿಮೀಟರ್. ಇಲಾಖೆಯಲ್ಲಿ ಎಲ್ಲ ಮೀಟರೇ ಆದ್ದರಿಂದ ನನಗೆ ಬೇರೆ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಯಂಕೋಬನಿಗೆ ಅವರಪ್ಪ ಕಲಿಸಿದ್ದು ಇಂಚಿಗೆ ಎಂಟು ಸೂತು. ಬಡಿಗೇರನ ಕಿವಿಗೆ ಬರಿಯ ಮೂರು ಎಂದರೆ ಸೂತೇ, ಬೇರೆ ಏನಿದೆ. ತಪ್ಪು ಅವನದಲ್ಲ. ಶಾಲೆಯಲ್ಲಿ ಮೇಷ್ಟ್ರು ಅಳತೆಯ ಹೆಸರು ಬರೆಯದಿದ್ದರೆ ಅಂಕ ಕಡಿಯುತ್ತಿದ್ದರು, ಅದೇ ಆಯಿತು.

"ಉಜ್ಜಿ ತೆಳ್ಳಗ ಮಾಡಾಕ ಬರೂದಿಲ್ಲೇನು?"

"ಅಂಟು ಹಾಕಿ ಕೂಡ್ಸೀನ್ರಿ. ಈಗ ಕೀಸುಳಿ ಕೊಟ್ರ ಸೀಳ್ತದ. ಸಾಹೇಬ್ರ, ಮಾಡಿದ್ದು ನಾನs, ಆದ್ರ ಒಡಿಯಾಕ ನನ್ನ ಕೈಲಿ ಆಗೂದಿಲ್ಲ, ನೀವs ಒಡೀರಿ."

ಅವನ ಮುಖ ನೋಡಲಾಗಲಿಲ್ಲ. ಎರಡು ಗಂಟೆಯ ಬಸ್ಸಿಗೆ ಬಂದುಬಿಟ್ಟೆ. ಬುದ್ಧ ಪೂರ್ಣಿಮೆ ಮೇ ಹನ್ನೆರಡಕ್ಕೆ, ಅಷ್ಟರೊಳಗೆ ಪಕೀರಪ್ಪನ ಕೈಗೆ ಗಿಟಾರು ಮುಟ್ಟಬೇಕಿತ್ತು.

೨ ಮಾರ್ಚ್

ಟೀವಿ.

೬ ಮಾರ್ಚ್, ಗುರುವಾರ

ಬರೆಯಬೇಕಾದದ್ದು ಬಹಳ ಇದೆ, ಆರ್ಡರಿನಲ್ಲಿ ಬರೆಯುತ್ತೇನೆ.

ಮಸ್ಕಿಗೆ ಹೋಗಿದ್ದು ಒಡಲನ್ನು ತಂದು ಅಟ್ಟಕ್ಕೆ ಹಾಕಲು. ಯಂಕೋಬ ಅಲಮಾರಿ ಕೂಡಿಸಲು ಗುಡದೂರಿಗೆ ಹೋಗಿದ್ದ, ಶೆಡ್ಡು ಬೀಗ. ಕೀಲಿ ಹಾಜಿರಾಬೀಯ ಹತ್ತಿರ. ಆಕೆಯೇ ಒಡಲನ್ನು ತೆಗೆದುಕೊಟ್ಟಳು. ನನಗೆ ಬಾಯಿ ಒಣಗಿತ್ತು, ಎದುರಿನ ಹೋಟೆಲಿಗೆ ಹೋಗುವ ಮೊದಲು ಅದನ್ನು ಆಕೆಯ ಅಂಗಡಿಯಲ್ಲಿ ಕೈಗೆ ಸಿಕ್ಕ ಕಡೆ ಇಟ್ಟೆ. ಸಿಕ್ಕದ್ದು ಬೋರಲು ಹಾಕಿದ್ದ ಒಂದು ಅಗಲ ಬೋಗುಣಿ.

ಚಹಾ ಬಾಯಿಗೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ದನಿ ಬಂತು. ಉದ್ದನೆಯ, ಜಾರುವ, ಮುಗಿಯದ ದನಿ. ಹಾಜಿರಾಬೀ ಕುತೂಹಲಕ್ಕೆ ತಂತಿ ಎಳೆದಿದ್ದಳು.

"ನಿಮ್ಮ ಕಟಗಿ ಮೂಕ ಐತ್ರೀ ಸಾಬ್," ಅಂದಳು. "ಮಾತಾಡಾಕತ್ತಿದ್ದು ನನ್ನ ಬೋಗುಣಿ."

ವೀಡಿಯೋದ ಮುದುಕ ಅರ್ಧ ಗಂಟೆ ಹೇಳಿ ನನಗೆ ತಿಳಿಯದೆ ಹೋದ ರೆಸೊನೇಟರ್ ಎಂಬ ಶಬ್ದ ಈ ಹೆಂಗಸಿನ ಒಂದು ಮಾತಿಗೆ ತಿಳಿಯಿತು. ಹಲಗೆ ನಡುಗಬೇಕಾಗಿಲ್ಲ. ಹಲಗೆಯ ಹೊಟ್ಟೆಗೆ ದುಂಡಗೆ ತೂತು ಕೊರೆದು, ಅಲ್ಲಿ ತೆಳ್ಳನೆಯ ಜರ್ಮನ್ ತಟ್ಟೆ ಕೂಡಿಸಿ, ಅದರ ನೆತ್ತಿಯ ಮೇಲೆ ಬ್ರಿಜ್ ಇಟ್ಟರೆ ತಂತಿಯ ನಡುಕವನ್ನು ತಟ್ಟೆ ಹಾಡುತ್ತದೆ. ಹಲಗೆಯ ಕೆಲಸ ಅದನ್ನು ಗಟ್ಟಿಯಾಗಿ ಹಿಡಿಯುವುದಷ್ಟೆ. ಗಟ್ಟಿಯಾಗಿ ಹಿಡಿಯಲು ಹಲಗೆ ದಪ್ಪ ಇರಬೇಕು. ಮೂರು ಮಿಲಿಮೀಟರಿನದಾಗಿದ್ದರೆ ತೂತು ಕೊರೆದ ದಿನವೇ ಸೀಳುತ್ತಿತ್ತು. ಮೂರು ಸೂತಿನದು ಸೀಳುವುದಿಲ್ಲ.

ಇದನ್ನೆಲ್ಲ ಆಕೆಗೆ ಕೈ ಮಾಡಿ ಹೇಳುತ್ತಿದ್ದರೆ ಆಕೆ ಸುತ್ತಿಗೆ ಕೆಳಗಿಟ್ಟು ಕೇಳಿದಳು. "ತೆಳ್ಳನೆ ತಟ್ಟಿ ಬೇಕಂದ್ರ ಹೊಸಾದು ಬ್ಯಾಡ್ರಿ. ಹೊಸಾ ಜರ್ಮನ್ ಬಿರುಸು. ಇಪ್ಪತ್ತು ಮೂವತ್ತು ವರ್ಷ ಹಿಟ್ಟು ನಾದಿದ ಪರಾತ ತರ್ರಿ, ತಿಕ್ಕಿ ತಿಕ್ಕಿ ತೆಳ್ಳಗಾಗಿರ್ತದ. ಮನ್ಯಾಗ ಇಲ್ಲೇನು?"

"ಐತಿ. ಈಗ ಯಾರೂ ನಾದೂದಿಲ್ಲ."

"ಮನಿಯವ್ರು?"

"ಹೋಗಿ ಎರಡು ವರ್ಷಾತು."

"ನಮ್ಮವ್ರು ಹೋಗಿ ಹನ್ನೊಂದು. ಹೆಸರೇನ್ರಿ ಅವ್ರದು?"

"ಜಂಬಮ್ಮ," ಅಂದೆ. ಎರಡು ವರ್ಷದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಇನ್ನೊಂದೇ ಸಲ, ರೇಷನ್ ಕಾರ್ಡಿನಿಂದ ತೆಗೆಸುವಾಗ.

"ಜಂಬಮ್ಮನ ಕೈ ಭಾರನೋ ಹಗುರನೋ?"

"ಭಾರ. ಆಕಿ ರೊಟ್ಟಿ ಬಡಿದ್ರ ಮೂರನೇ ಮನಿಗೆ ಕೇಳ್ತಿತ್ತು."

"ಹಂಗಾದ್ರ ಪರಾತ ಛಲೋ ತೆಳ್ಳಗಾಗಿರ್ತದ, ತರ್ರಿ."

೧೮ ಮಾರ್ಚ್, ಮಂಗಳವಾರ

ಮೊದಲನೆಯ ತಟ್ಟೆ ಕೆಟ್ಟಿತು. ಹಾಜಿರಾಬೀ ಪರಾತದ ನಡುಭಾಗವನ್ನು ಕತ್ತರಿಸಿ, ಮರದ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ಬಡಿಯುತ್ತ ಗುಡ್ಡದ ಹಾಗೆ ಎಬ್ಬಿಸಿದ್ದಳು. ಆರು ತಂತಿ ಬಿಗಿದದ್ದೇ ತಡ, ಟಪ್ ಎಂದು ಕುಸಿಯಿತು. ಯಂಕೋಬ "ಹೈಬ್ರಿಡ್ ಬೆಳಿ ಹೋತು, ವಿಮಾಕ್ಕ ಬರೀರಿ," ಅಂದ. ತೂತು ಕೊರೆದದ್ದು ಅವನೇ. ಕೊರೆಯುವಾಗ ಉಸಿರು ಹಿಡಿದಿದ್ದ, ಈಗ ಮಾತು ಬಂದಿದೆ.

ಹಾಜಿರಾಬೀ ನಗಲಿಲ್ಲ. ಒಂದು ಪಾತ್ರೆಯ ಮುಚ್ಚಳ ಎತ್ತಿ ತೋರಿಸಿದಳು. "ಮುಚ್ಚಳಕ್ಕ ಈ ಸುತ್ತುಗೆರಿ ಯಾಕ ಹೊಡೀತಾರ ಗೊತ್ತೈತೇನ್ರಿ? ಚಂದಕ್ಕಲ್ಲ, ಕಸುವಿಗೆ. ಇಲ್ಲಂದ್ರ ಬಿಸಿಗೆ ಮೂತಿ ಸೊಟ್ಟ ಮಾಡ್ತದ." ಕುಸಿದದ್ದನ್ನು ಮತ್ತೆ ಎಬ್ಬಿಸಿ ಮೂರು ಸುತ್ತುಗೆರೆ ಹೊಡೆದಳು. ನಾನು ತಿರುಗಿಸಿ ಹಿಡಿದೆ, ಆಕೆ ಬಡಿದಳು. ಮಧ್ಯಾಹ್ನ, ತನಗೆ ರಂಜಾನ್ ಉಪವಾಸ ಇದ್ದರೂ, ನನಗೆಂದು ತಂದಿದ್ದ ಬುತ್ತಿ ಬಿಚ್ಚಿ ಹಾಕಿದಳು, ಬದನೆಕಾಯಿ. ಜಂಬಮ್ಮ ಇದ್ದಿದ್ದರೆ ಎಣ್ಣೆ ಸಾಲದು ಅನ್ನುತ್ತಿದ್ದಳು. ಸಾಲದೇ ಇತ್ತು. ಆರೂವರೆಯ ಬಸ್ಸು.

೩೦ ಮಾರ್ಚ್, ಯುಗಾದಿ

ಬೇವು ಬೆಲ್ಲ ತಿಂದು ನೇರ ಮಸ್ಕಿ. ಯಂಕೋಬ ಹಬ್ಬದ ದಿನವೂ ಶೆಡ್ಡು ತೆಗೆದಿದ್ದ. ಹಾಜಿರಾಬೀಗೆ ಉಪವಾಸ, ಚಂದ್ರ ಕಂಡರೆ ನಾಳೆ ಅವರ ಹಬ್ಬ. ಆದರೂ ಬಂದಿದ್ದಳು. ತಂತಿ ಆರೂ ಕಟ್ಟಿ, ಹೆಡ್ಡಿನಿಂದ ಟೇಲಿನ ತನಕ ಬಿಗಿ ನೋಡಿ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೇಳಿ ತಂದಿದ್ದ ಪಿಸ್ಟನ್ನಿನ ಪಿನ್ನನ್ನು ತಂತಿಯ ಮೇಲೆ ಇಟ್ಟು ಎಳೆದೆ. ಕನ್ನಡಿಯಷ್ಟು ನುಣುಪಾದ ಉಕ್ಕು, ಮುಷ್ಟಿಗೆ ಸರಿಯಾದ ಗಾತ್ರ, ಇದಕ್ಕಿಂತ ಒಳ್ಳೆಯ ಸ್ಲೈಡ್ ಇಲ್ಲ.

ದನಿಯನ್ನು ಹೇಗೆ ಬರೆಯಲಿ. ಮೊದಲು ಕಟ್ಟಿಗೆಯ ದನಿ ಬರುತ್ತದೆ, ಬೆಚ್ಚಗೆ. ಅದರ ಬೆನ್ನಿಗೇ ಲೋಹದ್ದು, ತಣ್ಣಗೆ, ದೂರ ಹೋಗುವಂಥದ್ದು. ರಸ್ತೆಯಲ್ಲಿ ಹೋಗುತ್ತಿದ್ದ ಶೇಂಗಾ ಗಾಡಿಯವನು ನಿಂತ. ನನಗೆ ಸರಿಗಮ ಬರುವುದಿಲ್ಲ, ಸುಮ್ಮನೆ ಅತ್ತಿಂದಿತ್ತ ಎಳೆದೆ, ಅಷ್ಟಕ್ಕೇ ಯಂಕೋಬ ಬೆನ್ನು ತಿರುಗಿಸಿ ಉಳಿ ಮಸೆಯತೊಡಗಿದ. ಆ ಉಳಿ ಮೊದಲೇ ಹರಿತ ಇತ್ತು.

ಮನೆಗೆ ಬಂದರೆ ಕೇಬಲ್ಲಿನವನು ಬಾಗಿಲಲ್ಲಿ ನಿಂತಿದ್ದ. ಮೂರು ವಾರದಿಂದ ನಿಮ್ಮ ಕನೆಕ್ಷನ್ ಬಂದ್ ಆಗಿದೆ, ಯಾಕೆ ಫೋನು ಮಾಡಲಿಲ್ಲ ಅಂದ. ಬಂದ್ ಮಾಡಿ ನಮ್ಮನ್ನೇ ಕೇಳುತ್ತಾರೆ, ಇವರ ಸರ್ವಿಸ್ಸು ಹೀಗೆ. ನಾಳೆ ನೋಡೋಣ ಎಂದು ಕಳಿಸಿದೆ.

೬ ಏಪ್ರಿಲ್, ರವಿವಾರ

ಗಿಟಾರು ಹಳೆಯ ಚಾದರದಲ್ಲಿ ಸುತ್ತಿ ಲಿಂಗಸುಗೂರಿಗೆ ಒಯ್ದೆ. ಮೇಜಿನ ಮೇಲೆ ಇಟ್ಟು ಬಿಚ್ಚಿ, ಪೂರ್ಣಿಮೆಗೆ ಇದನ್ನು ನುಡಿಸು ಅಂದೆ. ಪಕೀರಪ್ಪ ಬಲಗೈಯಿಂದ ಜರ್ಮನ್ ತಟ್ಟೆಯ ಗೆರೆ ಸವರಿದ.

"ಒಯ್ಯಿ," ಅಂದ.

"ಯಾಕಲೇ?"

"ಮಂದಿ ಮುಂದ ನಡುಗುವ ಕೈ ತೋರ್ಸಂಗಿಲ್ಲ ನಾ. ನಲವತ್ತು ವರ್ಷ ಛಲೋ ಬಾರಿಸೀನಿ, ಅದs ನೆನಪಿರ್ಲಿ ಅವ್ರಿಗೆ."

ಮುಷ್ಟಿಯೊಳಗೆ ಪಿನ್ ತೂರಿಸಿ ತೋರಿಸಲು ಹೋದೆ. ಕೈ ಕೊಡಹಿದ. ಪಿನ್ ಮುಷ್ಟಿಯಲ್ಲಿಯೇ ಸಿಕ್ಕಿಕೊಂಡು ಇಬ್ಬರೂ ಎಳೆದಾಡಿದೆವು, ಅದನ್ನು ಹೊರಗೆ ತೆಗೆಯಲು ಅಂಬಿಕಾ ಕೊಬ್ಬರಿ ಎಣ್ಣೆ ತರಬೇಕಾಯಿತು. ಆ ಮುಷ್ಟಿ ಬಿಡುವುದೇ ಇಲ್ಲ, ಇಕ್ಕಳದ ಹಾಗೆ.

ಸಿಟ್ಟಿಗೆ ಬಾಯಿಗೆ ಬಂದದ್ದು ಹೊರಗೆ ಬಿತ್ತು. ಐದು ತಿಂಗಳಿಂದ ಒಳಗೆ ಇಟ್ಟುಕೊಂಡದ್ದು. "ಅವತ್ತು ನೀ ಮೂರು ಸಲ ಫೋನ್ ಮಾಡಿದ್ದಿ. ಟೀವಿ ಗದ್ದಲದಾಗ ನನಗ ಕೇಳಿಸ್ಲಿಲ್ಲ. ಎತ್ತಿದ್ರ ನಿನ್ನ ಲಗೂನ ದವಾಖಾನಿಗೆ ಹಾಕ್ತಿದ್ರು. ಅದಕ್ಕs ಮಾಡೀನಿ ಇದನ್ನ, ಸಾಕಾ?"

ಪಕೀರಪ್ಪನ ಅರ್ಧ ಮುಖಕ್ಕೆ ನಗು ಬಂತು. "ಲೇ ಹುಚ್ಚ, ಫೋನ್ ಮಾಡಿದ್ದು ಮುಂಜಾನಿ. ಲಕ್ವಾ ಹೊಡದದ್ದು ಸಂಜಿಕಡೆ. ನನ್ನ ಛತ್ರಿ ಒಯ್ದು ನೀ ವಾಪಸ್ ಕೊಟ್ಟಿದ್ದಿಲ್ಲಲ್ಲ, ಅದನ್ನ ಕೇಳಾಕ ಮಾಡಿದ್ದೆ."

ಅಂಬಿಕಾ ಎಣ್ಣೆ ಬಾಟಲಿ ಹಿಡಿದುಕೊಂಡೇ ನಕ್ಕಳು. ನಾನೂ ನಕ್ಕೆನೇನೋ, ಸರಿಯಾಗಿ ನೆನಪಿಲ್ಲ. ಗಿಟಾರು ಅಲ್ಲಿಯೇ ಬಿಟ್ಟು ಬಂದೆ. ಸಿಟ್ಟಿನಲ್ಲಿ ಬಿಟ್ಟೆನೋ ಮರೆತೆನೋ ಗೊತ್ತಿಲ್ಲ.

೯ ಏಪ್ರಿಲ್, ಬುಧವಾರ

ಅಂಬಿಕಾಳ ಫೋನು. ಅವಳು ಶಾಲೆಯಿಂದ ಬಂದಾಗ ಬಾಗಿಲ ಹೊರಗೇ ಕೇಳಿಸಿತಂತೆ. ಅಪ್ಪ ಬಲಗೈ ಒಂದರಿಂದಲೇ ತಂತಿ ಮೀಟಿ ಮೀಟಿ, ತಟ್ಟೆಗೆ ಕಿವಿ ಹಚ್ಚಿ ಕುಳಿತಿದ್ದಾನಂತೆ. ಅವಳನ್ನು ನೋಡಿದೊಡನೆ ಮಲಗಿದವರ ಹಾಗೆ ಕಣ್ಣು ಮುಚ್ಚಿದನಂತೆ.

೨೨ ಏಪ್ರಿಲ್, ಮಂಗಳವಾರ

ಲಿಂಗಸುಗೂರಿಗೆ ಎಂಟೂವರೆಯ ಬಸ್ಸು, ದಿನಾ. ಕಂಡಕ್ಟರ್ ಈಗ ನನಗೆ ಎಲ್ಲಿಗೆ ಎಂದು ಕೇಳುವುದಿಲ್ಲ. ಪಕೀರಪ್ಪ ಈಗ ಒಯ್ಯಿ ಅನ್ನುವುದಿಲ್ಲ. ಅವನ ಮುಷ್ಟಿಗೆ ಪಿನ್ ತೂರಿಸಿ ಮೇಲೆ ಪಟ್ಟಿ ಕಟ್ಟುತ್ತೇನೆ. ಅವನು ಭುಜದಿಂದ ತೋಳು ತಳ್ಳುತ್ತಾನೆ. ಮೊದಲ ವಾರ ಬಸ್ಸಿನ ಬ್ರೇಕಿನ ಹಾಗೆ ಕಿರುಚುತ್ತಿತ್ತು, ಓಣಿಯ ನಾಯಿಗಳು ಜೊತೆಗೂಡಿದವು. ಈಗ ನಾಯಿಗಳು ಸುಮ್ಮನಿವೆ. ಫಿಜಿಯೋ ಮೇಡಂ ನೋಡಿ, ಭುಜಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ತಮ್ಮ ಪುಸ್ತಕದಲ್ಲಿಯೂ ಇಲ್ಲ ಅಂದರು. ಬೆರಳು ಕಡೆಗೆ ಬರುತ್ತವಂತೆ, ಬಂದರೆ. ಹಿಡಿಯುವುದಕ್ಕಿಂತ ಬಿಡುವುದು ಕಷ್ಟವಂತೆ, ಮೆದುಳಿಗೆ.

ಹೋಗುವಾಗ ಬರುವಾಗ ಮಸ್ಕಿಯಲ್ಲಿ ಇಳಿಯುತ್ತೇನೆ. ಅಲ್ಲಿ ಈಗ ಕೆಲಸವೇನೂ ಇಲ್ಲ. ಆದರೆ ಗಿಟಾರಿನ ವರದಿ ಒಪ್ಪಿಸಬೇಕಲ್ಲ.

೪ ಮೇ, ರವಿವಾರ

ಪಕೀರಪ್ಪ ಪೂರ್ಣಿಮೆಗೆ ಒಪ್ಪಿದ. ಒಂದು ಶರತ್ತು: ಚೆನ್ನಾಗಿ ಬರದಿದ್ದರೆ ಮಾಡಿದವನ ತಪ್ಪು ಎಂದು ಮೈಕಿನಲ್ಲಿ ಹೇಳುತ್ತಾನಂತೆ. ನಾನೂ ಒಂದು ಶರತ್ತು ಹಾಕಿದೆ, ಹಾಗಿದ್ದರೆ ಯಂಕೋಬನ ಹೆಸರನ್ನೂ ಹೇಳಬೇಕು. ತಪ್ಪು ಇಬ್ಬರದೂ.

೧೩ ಮೇ, ಮಂಗಳವಾರ

ನಿನ್ನೆಯದನ್ನು ಇವತ್ತು ಮುಂಜಾನೆ ಬರೆಯುತ್ತಿದ್ದೇನೆ.

ಸಂಜೆ ಆರಕ್ಕೆ ಸಭಾಭವನ ತುಂಬಿತ್ತು. ಎಲ್ಲರೂ ಬಿಳಿ ಬಟ್ಟೆ. ಯಂಕೋಬ ಹೊಸ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ, ಹಾಜಿರಾಬೀ ಹೆಂಗಸರ ಕಡೆ ಎರಡನೇ ಸಾಲಿನಲ್ಲಿ. ಪಕ್ಕದವರಿಗೆ ಗಿಟಾರಿನ ನಡುವಿನ ತಟ್ಟೆ ತೋರಿಸಿ ಏನೋ ಹೇಳುತ್ತಿದ್ದಳು, ತನ್ನ ಹೆಸರನ್ನೇ ಹೇಳಿರಬೇಕು. ನಾನು ಎಂದಿನಂತೆ ಕುರ್ಚಿ ಜೋಡಿಸಿ ವೇದಿಕೆಯ ಮೆಟ್ಟಿಲ ಹತ್ತಿರ ನಿಂತೆ.

ಪಟ್ಟಿ ಕಟ್ಟಲು ಹೋದರೆ ಪಕೀರಪ್ಪ ಬೇಡ ಅಂದ. "ಮದಿವಿ ಗಂಡಿಗೆ ಕಂಕಣ ಕಟ್ಟಿದಂಗ ಕಾಣ್ತದ. ಈ ಮುಷ್ಟಿ ಎಲ್ಲಿ ಬಿಡ್ತದ, ಬಿಡು." ಅದು ಖರೆ, ಎಣ್ಣೆ ಹಾಕದೆ ಯಾವತ್ತೂ ಬಿಟ್ಟಿಲ್ಲ. ಹಾಗೇ ತೂರಿಸಿದೆ.

ಶುರು ಮಾಡಿದ. ಪ್ರತಿ ವರ್ಷದ ಅದೇ ವಂದನೆಯ ಧಾಟಿ. ಮೊದಲ ಎಳೆತಕ್ಕೇ ಭವನದಲ್ಲಿ ಕೂಸುಗಳು ಸಹ ಸುಮ್ಮನಾದವು. ಕೈ ನಡುಗುತ್ತಿತ್ತು, ಆದರೆ ತಂತಿಯ ಮೇಲೆ ಆ ನಡುಕವೇ ದನಿಯ ಅಲೆಯಾಗಿ ಬರುತ್ತಿತ್ತು. ಬೇಕೆಂದೇ ನಡುಗಿಸುತ್ತಿದ್ದಾನೆ ಎಂದು ಗೊತ್ತಿಲ್ಲದವರು ತಿಳಿಯಬೇಕು. ಕಣ್ಣು ಮುಚ್ಚಿದ್ದ. ಒಂದು ಚರಣ ಮುಗಿಯಿತು. ಎರಡನೆಯದರಲ್ಲಿ ಮೇಲಿನ ಸ್ವರಕ್ಕೆ ಏರಿ, ಅಲ್ಲಿ ನಿಂತು, ಇಳಿಯಬೇಕು.

ಏರಿದ. ನಿಂತ. ಠಣ್ ಎಂದು ಪಿನ್ ವೇದಿಕೆಯ ಮೇಲೆ ಬಿತ್ತು, ಉರುಳಿಕೊಂಡು ಮೆಟ್ಟಿಲ ಹತ್ತಿರ ನನ್ನ ಕಾಲಿಗೇ ಬಂತು.

ಪಟ್ಟಿ ಕಟ್ಟಬೇಕಿತ್ತು, ಅವನ ಮಾತು ಕೇಳಬಾರದಿತ್ತು, ಮಂದಿಯ ಮುಂದೆ ಇದೇ ಆಗಬಾರದು ಎಂದು ತಾನೆ ಅವನು ಒಲ್ಲೆ ಅಂದಿದ್ದು. ಪಿನ್ ಎತ್ತಿಕೊಂಡು ಬಗ್ಗಿಕೊಂಡೇ ಹತ್ತಿರ ಹೋಗಿ ಕಿವಿಯಲ್ಲಿ, "ಬಿತ್ತೇನಲೇ? ಇರ್ಲಿ, ಮತ್ತ ಹಿಡಿ," ಅಂದೆ.

ಅವನು ನನ್ನನ್ನು ನೋಡಲಿಲ್ಲ. ತಂತಿಗಳ ಮೇಲೆ ಇದ್ದ ತನ್ನ ಎಡಗೈಯನ್ನು ನೋಡುತ್ತಿದ್ದ. ಅಂಗೈ ಕಾಣುತ್ತಿತ್ತು. ಆರು ತಿಂಗಳಿಂದ ಬೆಳಕು ಕಾಣದ ಅಂಗೈ, ಬೆಳ್ಳಗೆ ಸೊರಗಿ, ಉಗುರಿನ ನಾಲ್ಕು ಗುರುತು. ಬೆರಳು ಪೂರ್ತಿ ಬಿಚ್ಚಿರಲಿಲ್ಲ, ರೊಟ್ಟಿಯ ಅಂಚು ಮಡಚಿದಷ್ಟು.

"ಬಿತ್ತಲ್ಲಲೇ ಸಂಗ್ಯಾ," ಅಂದ. ಮೈಕು ಎದುರಿಗೇ ಇತ್ತು, ಇಡೀ ಭವನಕ್ಕೆ ಕೇಳಿತು. "ಬಿಟ್ಟೆ."

ನನಗೆ ತಿಳಿಯಲು ಹೊತ್ತು ಹಿಡಿಯಿತು. ಅಂಬಿಕಾಳಿಗೆ ಹಿಡಿಯಲಿಲ್ಲ. ಹೆಂಗಸರ ಕಡೆಯಿಂದ ಎದ್ದು ನಿಂತಿದ್ದಳು, ಎರಡೂ ಕೈ ಬಾಯಿಗೆ.

"ಕೊಡಲೇ ಇಲ್ಲೆ," ಅಂದ ಪಕೀರಪ್ಪ. "ಮತ್ತ ಬಿಡ್ತೀನಿ."

ಕೊಟ್ಟೆ. ಮುಷ್ಟಿ ಮುಚ್ಚಿಕೊಂಡಿತು. ಅವನ ಹಣೆಯ ನರ ಎದ್ದವು, ಬೆವರು ಬಂತು, ಮುಖದ ಎರಡೂ ಅರ್ಧ ಒಟ್ಟಿಗೇ ಬಿಗಿದವು. ಇನ್ನು ಸಾಕು ಎಂದು ಹೇಳಬೇಕೆನ್ನುವಷ್ಟರಲ್ಲಿ, ಠಣ್. ಹಿಂದಿನ ಸಾಲಿನಿಂದ ಯಂಕೋಬ ಚಪ್ಪಾಳೆ ಹೊಡೆದ, ಆಮೇಲೆ ಎಲ್ಲರೂ.

ವಂದನೆ ಎರಡನೇ ಚರಣದಲ್ಲಿಯೇ ಉಳಿಯಿತು. ಪಕೀರಪ್ಪ ಏಳು ಸಲ ಬಿಟ್ಟ, ಏಳು ಸಲವೂ ಮಂದಿ ಚಪ್ಪಾಳೆ ಹೊಡೆದರು. ಏಳು ಸಲವೂ ವೇದಿಕೆಯ ಮೇಲೆ ಬಗ್ಗಿ ಹುಡುಕಿ ಎತ್ತಿಕೊಟ್ಟವನು ನಾನು. ಒಂದು ಸಲ ಹಾರ್ಮೋನಿಯಮ್ಮಿನ ಕೆಳಗೆ ಹೋಗಿತ್ತು.

ಇವತ್ತು ಸೊಂಟ ಹಿಡಿದುಕೊಂಡಿದೆ. ಆದರೂ ಎಂಟೂವರೆಯ ಬಸ್ಸಿಗೆ ಹೊರಡಬೇಕು, ಹತ್ತು ಸಲ ಬಿಡುತ್ತಾನಂತೆ.